ಏರುಗಾಳಿ ರಾಯರು

ಚೌಕಾಸಿ ಬಾರದವರ ಜೋಡಿ ವ್ಯವಹಾರಕ್ಕೆ ಇಳಿಯಬೇಡಿ, ಇದು ನನ್ನ ಮೊದಲ ಸಲಹೆ. ಅಂಥವರು ನೀವು ಹೇಳಿದ ರೇಟಿಗೆ ತಲೆಯಾಡಿಸಿ ಎದ್ದು ಹೋಗಿಬಿಡುತ್ತಾರೆ. ಆಮೇಲೆ ನಿದ್ದೆಗೆಟ್ಟು ಹೊರಳಾಡುವವರು ನೀವು. ನಾನು ಶಿಗ್ಗಾಂವಿಯಲ್ಲಿ ಗೋವಿನಜೋಳದ ಅಡತಿ ಅಂಗಡಿ ಇಟ್ಟವನು. ಬೇರೆಯವರ ಅಂಗಡಿಯ ಕಟ್ಟೆಯ ಮೇಲೆ ಒಂದು ತಕ್ಕಡಿ ಇಟ್ಟುಕೊಂಡು ಶುರು ಮಾಡಿ, ತಡಸದ ರಸ್ತೆಗೆ ಸ್ವಂತ ಗೋಡೌನು ಕಟ್ಟಿಸುವ ತನಕ ಬಂದದ್ದು ಬರೀ ಬಾಯಿಯ ಜೋರಿನಿಂದ. ಹಾನಗಲ್ಲಿನ ಭತ್ತದವರು, ಹಿರೇಕೆರೂರಿನ ಹತ್ತಿಯವರು, ಎಲ್ಲರ ಜೋಡಿಯೂ ಜಗ್ಗಾಡಿದ್ದೇನೆ, ಗೆದ್ದಿದ್ದೇನೆ. ಸೋತದ್ದು ಒಬ್ಬರ ಮುಂದೆ. ಅವರು ಈ ಸಂಕ್ರಾಂತಿಯ ಸುಮಾರಿಗೆ ಸವಣೂರಿನಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಬ್ಬರಿಗೆ ನೋವಾದೀತು, ಯಾರಿಗೆ ಅಂತ ಮುಂದೆ ತಿಳಿಯುತ್ತದೆ. ನಮ್ಮ ಪೇಟೆಯಲ್ಲಿ ಹೇಗೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಏರುಗಾಳಿ ರಾಯರು ಅಂತಲೇ ಎಲ್ಲರೂ ಅನ್ನುತ್ತಿದ್ದರು.

ಮೊದಲ ಸಲ ಬಂದಾಗ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕುರುಕಲು ತಿಂಡಿ, ಸವಣೂರ ಖಾರದ ಪೊಟ್ಟಣ. ಗುರುತಿಲ್ಲದವರ ಅಂಗಡಿಗೆ ಬರಿಗೈಲಿ ಹೋಗಬಾರದು ಅಂತ ಅವರಕ್ಕ ಕಟ್ಟಿ ಕೊಟ್ಟದ್ದಂತೆ. ಮದುವೆಯಾಗಿರಲಿಲ್ಲ. ಎಲ್ಲೋ ದೂರದ ಒಂದು ಸಂಸ್ಥೆಯಲ್ಲಿ ಮೋಡ, ಗುಡುಗು ಅಂತ ಜೀವಮಾನ ಕಳೆದು, ನಿವೃತ್ತರಾಗಿ ಅಕ್ಕನ ಮನೆಗೆ ಬಂದು ಇದ್ದರು.

“ನಿಮ್ಮ ಗೋಡೌನಿನ ಮುಂದಿನ ಕೋಣಿ ಅದ ಅಲ್ಲ, ಅದರ ಮ್ಯಾಲಿನ ಸ್ಲ್ಯಾಬು ನನಗ ಬಾಡಿಗಿಗೆ ಬೇಕಾಗೇದ,” ಅಂದರು.

“ಟಾವರ್ ಹಾಕ್ತೀರೇನ್ರಿ?”

“ಅಲ್ಲ. ಒಂದು ಯಂತ್ರ. ಸುಮ್ಮನ ಆಕಾಶ ನೋಡ್ತದ.”

“ಇಡೀ ತಾಲೂಕಿನಾಗ ನನ್ನ ಸ್ಲ್ಯಾಬಿನ ಮ್ಯಾಲಿನ ಆಕಾಶನ ಯಾಕ್ರಿ ಬೇಕು?”

“ಉಪಗ್ರಹ ಸರೀ ಇದರ ಮ್ಯಾಲೇ ಹಾದು ಹೋಗ್ತದ.”

ಇಂಥ ಮಾತು ಕೇಳಿದರೆ ಯಾವ ವ್ಯಾಪಾರಿ ಬಿಟ್ಟಾನು? ಬೇಡವೆಂದರೂ ಅವರಿಗೆ ಬೇರೆ ಜಾಗವಿಲ್ಲ. ಎರಡು ಪಟ್ಟು ಬಾಡಿಗೆ ಹೇಳಿದೆ, ಅರ್ಧಕ್ಕೆ ಇಳಿಸುತ್ತಾರೆ ಅಂತ. “ಆಗಲಿ,” ಅಂದುಬಿಟ್ಟರು. ಕೊನೆಗೆ ನಾನೇ ಒಂದೊಂದು ಮೆಟ್ಟಿಲು ಇಳಿದೆ. ನಾನು ಇಳಿಸಿದಾಗೆಲ್ಲ ಅವರು, “ಯಾಕ, ಮೊದಲ ಹೇಳಿದ್ದೇ ಇರಲಿ ಬಿಡ್ರಿ,” ಅನ್ನುತ್ತಿದ್ದರು. ನನ್ನ ಜೋಡಿ ನಾನೇ ಚೌಕಾಸಿ ಮಾಡಿದ್ದು ಅದೊಂದೇ ಸಲ.

ಅವರ ಹಳೆಯ ಸಂಸ್ಥೆಯಿಂದ ಯಂತ್ರ ಎರವಲಾಗಿ ಬಂತು. ಡಿಶ್ ಆಂಟೆನಾವನ್ನು ಅಂಗಾತ ಮಲಗಿಸಿದ ಹಾಗಿತ್ತು. ಹಮಾಲರು ಅದಕ್ಕೆ ‘ರಾಯರ ಟಿವಿ’ ಅಂತ ಹೆಸರಿಟ್ಟರು. ಕರೆಂಟು ಹೋದರೆ ಇರಲಿ ಅಂತ ಒಂದು ಬ್ಯಾಟರಿ. ಅದನ್ನು ಹುಬ್ಬಳ್ಳಿಯಲ್ಲಿ ನಾನೇ ನಿಂತು ಜಗ್ಗಾಡಿ ಕೊಡಿಸಿದೆ, ರಾಯರನ್ನು ಅಂಗಡಿಯ ಹೊರಗೆ ನಿಲ್ಲಿಸಿ. ಒಳಗಿದ್ದರೆ ಹೂಂ ಅಂದುಬಿಡುತ್ತಿದ್ದರು.

ಈ ಯಂತ್ರ ಅಳೆಯುವುದೇನು ಅಂತ ತಿಳಿಯಲಿಕ್ಕೆ ನನಗೆ ಒಂದು ಬೇಸಿಗೆ ಹಿಡಿಯಿತು. ರಾಯರು ಮೊದಲು ‘ಊರ್ಧ್ವಮುಖ ವಾಯುಪ್ರವಾಹ’ ಅಂತ ಅಂದರು. ಕೇಳುತ್ತಿದ್ದ ಹಮಾಲನೊಬ್ಬ, “ಅದಕ್ಕ ಔಷಧ ಐತೇನ್ರಿ?” ಅಂತ ಕೇಳಿದ. ರಾಯರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ನಾನೇ, “ಏರೂ ಗಾಳಿ ಅಂದ್ರ ಏರುಗಾಳಿ ಅನ್ರಿ, ಮುಗೀತು,” ಅಂದೆ. ಆ ಮಾತನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. “ಸಾವಕಾರ್ರ, ಇಷ್ಟು ವರ್ಷ ನನಗಿದು ಹೊಳೀಲೇ ಇಲ್ಲ,” ಅಂದರು. ಪೇಟೆಯಲ್ಲಿ ಅವರ ಹೆಸರು ಅಂದೇ ಗಟ್ಟಿಯಾಯಿತು.

ನನ್ನ ಗೋಡೌನಿನಲ್ಲಿ ಕಾಳು ಹಸನು ಮಾಡುವ ಹೆಣ್ಣುಮಗಳೊಬ್ಬಳು ಇದ್ದಾಳೆ. ನಿಂಗವ್ವ ಅಂತ ಇಟ್ಟುಕೊಳ್ಳೋಣ, ಅದು ಅವಳ ಹೆಸರಲ್ಲ. ಅವಳು ಮೊರದಲ್ಲಿ ಕಾಳು ಕೇರುವುದನ್ನು ತೋರಿಸಿ ರಾಯರು ನನಗೆ ಪಾಠ ಮಾಡಿದರು. “ನೋಡ್ರಿ, ಗಾಳಿ ಕಾಣಸೂದಿಲ್ಲ. ಹೊಟ್ಟು ಹಾರೂದು ಕಾಣಸ್ತದ. ಉಪಗ್ರಹದ ರೇಡಾರಿಗೂ ಮೋಡದೊಳಗಿನ ಗಾಳಿ ಕಾಣಸೂದಿಲ್ಲ. ಹನಿ ಕಾಣಸ್ತದ, ಮಂಜಿನ ಹರಳು ಕಾಣಸ್ತದ. ಹನಿ ತನ್ನ ಭಾರಕ್ಕ ತಾ ಇಳೀತದ. ಗಾಳಿ ಅದನ್ನ ಎತ್ತತದ. ಹನಿ ನಿಂತಲ್ಲೇ ನಿಂತಂಗ ಕಂಡ್ರ, ಗಾಳಿ ಸುಮ್ಮನದ ಅಂತಲ್ಲ. ಹನಿ ಎಷ್ಟು ಇಳೀಲಿಕ್ಕತ್ತದೋ ಗಾಳಿ ಅಷ್ಟೇ ಏರಲಿಕ್ಕತ್ತದ.”

“ಅಂದ್ರ ಕಂಡದ್ರಾಗಿಂದ ಹನೀ ಭಾರ ಕಳೀಬೇಕು.”

“ಹಾಂ! ಕಳದ್ರ ಉಳಿಯೂದೇ ಏರುಗಾಳಿ.”

ನಿಂಗವ್ವ ಮೊರ ನಿಲ್ಲಿಸಿ, “ಇಷ್ಟಕ್ಕ ಮುಗಲ ತನಕ ಯಾಕ ಹೋಗಬೇಕ್ರಿ ಯಪ್ಪಾ?” ಅಂದಳು.

“ಯಾಕಂದ್ರ ಗುಡುಗು, ಸಿಡಿಲು, ಆಣೆಕಲ್ಲು, ಎಲ್ಲಾ ಹುಟ್ಟೂದು ಆ ಗಾಳಿಯೊಳಗ ನಿಂಗವ್ವಾ.”

“ಸಿಡ್ಲ ಸುದ್ದಿ ತಗೀಬ್ಯಾಡ್ರಿ,” ಅಂತ ಅವಳು ತಿರುಗಿ ಕುಳಿತಳು. ಹಿಂದಿನ ವರ್ಷ ಅವಳ ಮನೆಯ ಟಿವಿ ಸಿಡಿಲಿಗೆ ಸುಟ್ಟು ಹೋಗಿತ್ತು. ಅಂದಿನಿಂದ ಆಕಾಶ ಸ್ವಲ್ಪ ಗುಡುಗಿದರೂ ಸಾಕು, ಮನೆಯ ಮೇನ್ ತೆಗೆಯುತ್ತಾಳೆ, ಮೊಬೈಲು ಬಂದ್ ಮಾಡಿ ಹಿಟ್ಟಿನ ಡಬ್ಬಿಯೊಳಗೆ ಇಡುತ್ತಾಳೆ. ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೇ. ಅವಳದು ಸ್ವಲ್ಪ ಹೆಚ್ಚು.

ರಾಯರಿಗೆ ಭವಿಷ್ಯ ಕೇಳುವವರು ಬಹಳ. ಚಾದಂಗಡಿಯಲ್ಲಿ ಕೂತರೆ ಸಾಕು, “ರಾಯರ, ಮಳಿ ಯಾವಾಗ?” ಅವರ ಉತ್ತರ ಯಾವಾಗಲೂ ಒಂದೇ: “ಆದ ಮ್ಯಾಲೆ ಹೇಳ್ತೇನಿ.” “ಹಂಗಾರ ನಮ್ಮ ಮುದುಕೀನೂ ಹೇಳ್ತಾಳ ಬಿಡ್ರಿ,” ಅಂತ ಜನ ನಗುತ್ತಿದ್ದರು. ಅವರು ಒಬ್ಬರೇ ಇದ್ದಾಗ ನಾನು ಹಿಡಿದು ಕೇಳುತ್ತಿದ್ದೆ. ಅಂಗಳದಲ್ಲಿ ಗೋವಿನಜೋಳ ಒಣಹಾಕಿದವನಿಗೆ ನಾಳೆಯ ಮಳೆ ಇವತ್ತೇ ಗೊತ್ತಾದರೆ ಅದಕ್ಕಿಂತ ದೊಡ್ಡ ಬಂಡವಾಳ ಯಾವುದು? ಆದರೆ ರಾಯರು ಕೈ ಮುಗಿಯುತ್ತಿದ್ದರು. “ನಾ ಆದದ್ದನ್ನ ಅಳೆಯಾಂವ. ಆಗೂದನ್ನ ಹೇಳಿದ್ರ ನನ್ನ ಬಾಯಿ ಕೆಡ್ತದ, ಆಮ್ಯಾಲೆ ಅಳತೀನೂ ಕೆಡ್ತದ.” ಹಟಮಾರಿ ಮನುಷ್ಯ. ಬೇರೆ ಎಲ್ಲದಕ್ಕೂ ಹೂಂ ಅನ್ನುವವರು ಇದೊಂದಕ್ಕೆ ಒಲ್ಲೆ ಅನ್ನುವವರು.

ಒಂದು ಸಂಜೆ ಪೇಟೆಯಲ್ಲಿ ಆಣೆಕಲ್ಲು ಬಿದ್ದವು. ಹಾನಗಲ್ ಕಡೆಯ ಮಾವಿನ ತೋಪಿನ ಗುತ್ತಿಗೆದಾರನೊಬ್ಬ ನನ್ನ ಅಂಗಡಿಯಲ್ಲೇ ಸಿಕ್ಕಿಬಿದ್ದಿದ್ದ. ಅಲ್ಲಿಯೂ ಬಿದ್ದಿದ್ದರೆ ಅವನ ಕಾಯಿಯೆಲ್ಲ ನೆಲಕ್ಕೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ರಾಯರು ಲಿಂಬೆಹಣ್ಣಿನಂಥ ಒಂದು ಕಲ್ಲು ಆರಿಸಿ ತಂದು, ನನ್ನ ಅಡಕೊತ್ತಿನಿಂದ ನಡುವೆ ಒಡೆದರು. ಒಳಗೆ ಉಳ್ಳಾಗಡ್ಡಿಯ ಹಾಗೆ ಪದರು ಪದರು, ಒಂದು ಬಿಳಿ, ಒಂದು ಗಾಜಿನಂತೆ. “ಮೋಡದಾಗ ಎಲ್ಲೆಲ್ಲಿ ಓಡಾಡೇದ, ಅದರ ಗುರುತು,” ಅಂದರು. ಗುತ್ತಿಗೆದಾರ ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ, “ಇಷ್ಟ ಭಾರದ್ದು ಮ್ಯಾಲ ಹೆಂಗ ನಿಂತಿತ್ರೀ?” ಅಂದ.

ರಾಯರು ಅಡಕೊತ್ತು ಕೆಳಗಿಟ್ಟರು. “ಇದನ್ನ ಕೇಳ್ಕೋತನ ನನ್ನ ಜೀವನಾ ಹೋತು ನೋಡಪಾ,” ಅಂದರು. ಆ ದಿನ ಅವರು ಚಾ ಕುಡಿಯದೆ ಬಸ್ಸು ಹತ್ತಿದರು.

ಅವರ ಎದೆಯಲ್ಲಿದ್ದ ಮುಳ್ಳು ಏನೆಂದು ಆಮೇಲೆ ಒಂದು ಮಧ್ಯಾಹ್ನ ಬಿಚ್ಚಿ ಹೇಳಿದರು. ನೇತುಹಾಕುವ ದುಂಡು ತೂಕದ ಕಾಟಾ ನೋಡಿದ್ದೀರಲ್ಲ, ಗಡಿಯಾರದ ಹಾಗೆ ಮುಳ್ಳು ತಿರುಗುವಂಥದು? ಅದರ ಶಕ್ತಿಗೆ ಮೀರಿದ ಚೀಲ ಹಾಕಿದರೆ ಮುಳ್ಳು ಪೂರ್ತಿ ಸುತ್ತು ಹಾಕಿ ಸೊನ್ನೆ ದಾಟಿ ಮತ್ತೆ ಮೊದಲಿಂದ ಶುರುವಾಗುತ್ತದೆ. ತಿಳಿಯದವನು ನೋಡಿದರೆ ಚೀಲ ಹಗುರ ಅಂದುಕೊಳ್ಳುತ್ತಾನೆ. ಉಪಗ್ರಹದ ರೇಡಾರೂ ಹಾಗೇ. ಗಾಳಿ ಅದರ ಮಿತಿ ಮೀರಿ ಏರಿದರೆ ಲೆಕ್ಕ ತಿರುವಿ ಬಿದ್ದು, ಇಳಿಯುತ್ತಿದೆ ಅಂತ ತೋರಿಸುತ್ತದೆ. ಎಲ್ಲಕ್ಕಿಂತ ಜೋರಾಗಿ ಏರುವ ಗಾಳಿ ಚಿತ್ರದಲ್ಲಿ ಬೀಳುವ ಮಳೆಯ ಹಾಗೆ ಕಾಣುತ್ತದೆ.

ನಮ್ಮ ಬೇಸಿಗೆಯ ಗುಡುಗುಮೋಡಗಳಲ್ಲಿ ಇದು ಆಗುತ್ತಿದೆ ಅಂತ ರಾಯರು ನಿವೃತ್ತಿಗೆ ಮುಂಚಿನಿಂದಲೂ ಹೇಳುತ್ತಿದ್ದರು. ಸಂಸ್ಥೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ನಿಮ್ಮ ಕಡೆಯ ಮೋಡಕ್ಕೆ ಅಷ್ಟು ಜೋರಿಲ್ಲ, ಅದು ಮಳೆಯೇ ಅಂದರು. ಅದಕ್ಕೇ ಈ ಯಂತ್ರ. ಇದು ಕೆಳಗಿನಿಂದ ಮೇಲೆ ನೋಡುವಂಥದು, ಇದರ ಮಿತಿಯೂ ದೊಡ್ಡದು. ಮೇಲೆ ಉಪಗ್ರಹ, ಕೆಳಗೆ ಇದು, ನಡುವೆ ಬೆಳೆದ ಒಂದು ಗುಡುಗುಮೋಡ. ಮೂರೂ ಒಂದೇ ಗಳಿಗೆಗೆ ಒಂದೇ ಗೆರೆಯಲ್ಲಿ ಕೂಡಬೇಕು. ಕೂಡಿದರೆ ಸುಳ್ಳು ಹೇಳುವವರು ಯಾರು ಅಂತ ತೀರ್ಮಾನ ಆಗುತ್ತದೆ.

“ಒಂದೇ ಒಂದು ಸಲ ಸಿಕ್ಕ್ರ ಸಾಕು ಸಾವಕಾರ್ರ.”

ಅದೇ ಕಷ್ಟ. ಉಪಗ್ರಹ ತನ್ನ ಕೆಳಗಿನ ದಾರದಂಥ ಒಂದು ಎಳೆಯನ್ನಷ್ಟೇ ನೋಡುತ್ತದೆ. ಅದೂ ದಿನಾ ಬರುವುದಿಲ್ಲ. ಬಂದರೂ, ನಾವು ಚಾ ಬಶಿಗೆ ಸುರಿದು ಆರಿಸುವುದರೊಳಗೆ ಲಂಕೆ ದಾಟಿರುತ್ತದೆ. ಹಗಲಿನಲ್ಲಿ ಅದು ಬರುವುದು ಊಟದ ಹೊತ್ತು ಮುಗಿದ ಮೇಲೆ. ನಮ್ಮ ಗುಡುಗುಮೋಡ ಏಳುವುದು ದನ ಮನೆಗೆ ತಿರುಗುವ ಹೊತ್ತಿಗೆ. ಅದು ಬಂದಾಗ ಮೋಡ ಎಳೆಯದು. ಮೋಡ ಬೆಳೆದಾಗ ಅದು ಯಾವುದೋ ಸಮುದ್ರದ ಮೇಲೆ. ರಾಯರು ಆ ದಿನಗಳಂದು ಸವಣೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಅಂಗಳದಲ್ಲಿ ನಿಂತು, ಕೈ ಉದ್ದಕ್ಕೆ ಚಾಚಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಮೋಡದ ಎತ್ತರ ನೋಡುತ್ತಿದ್ದರು. ಆಮೇಲೆ ಅಕ್ಕ ಕಟ್ಟಿಕೊಟ್ಟ ಅವಲಕ್ಕಿಯನ್ನು ಎಲ್ಲರಿಗೂ ಹಂಚಿ, ಬಸ್ಸು ಹಿಡಿದು ತಿರುಗಿ ಹೋಗುತ್ತಿದ್ದರು.

ಎರಡನೆಯ ಬೇಸಿಗೆಗೆ ಅವರ ಎದೆ ಸೋತಿತ್ತು. ಮೆಟ್ಟಿಲು ಹತ್ತಬೇಡಿ ಅಂತ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರೂ ಹತ್ತುತ್ತಿದ್ದರು, ನಡುವೆ ಗೋಡೆ ಹಿಡಿದು ನಿಂತು. ಮಳೆಗಾಲ ಹಿಡಿದ ಕೂಡಲೇ ಯಂತ್ರ ವಾಪಸ್ ಕಳಿಸಬೇಕು ಅಂತ ಸಂಸ್ಥೆಯವರು ಹೇಳಿಯಾಗಿತ್ತು. “ಮುಂದಿನ ವರ್ಷ ಮತ್ತ ಕೇಳ್ರಿ, ಸ್ವಲ್ಪ ಗಟ್ಟಿಯಾಗಿ ಕೇಳ್ರಿ,” ಅಂತ ನಾನು ಬುದ್ಧಿ ಹೇಳಿದೆ. “ಮುಂದಿನ ವರ್ಷ ಅವರು ಯಂತ್ರ ಕೊಡಬಹುದು. ಕೇಳಲಿಕ್ಕೆ ನಾ ಇರಬೇಕಲ್ಲ,” ಅಂದರು. ಮಾರುಕಟ್ಟೆಯ ರೇಟು ಹೇಳುವ ಧ್ವನಿಯಲ್ಲಿ.

ಆ ಬೇಸಿಗೆಯ ಕೊನೆಗೆ, ಉಪಗ್ರಹ ಬರುವ ಒಂದು ದಿನ, ಬೆಳಗಿನಿಂದಲೇ ಮೈ ಅಂಟುವ ಸೆಕೆ. ಊಟದ ಹೊತ್ತಿಗಾಗಲೇ ತಡಸದ ದಿಕ್ಕಿಗೆ ಮೋಡ ಗೋಡೆ ಕಟ್ಟಿದ ಹಾಗೆ ಎದ್ದು ನಿಂತಿತು. ರಾಯರು ಊಟ ಬಿಟ್ಟು ಅಂಗಳಕ್ಕೆ ಬಂದರು. ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಹೋದರು, ಕೈ ಸಾಲಲಿಲ್ಲ. “ಲಗೂನ ಎದ್ದದ ಸಾವಕಾರ್ರ, ಇವತ್ತ ಲಗೂನ ಎದ್ದದ!” ಯಂತ್ರ ನಡೆದಿರುವುದನ್ನು ಒಮ್ಮೆ ಮೇಲೆ ಹೋಗಿ ನೋಡಿ ಬಂದರು. ಮಿಂಚು ಶುರುವಾದ ಮೇಲೆ ಸ್ಲ್ಯಾಬಿನ ಮೇಲೆ ಯಾರೂ ಇರಬಾರದು ಅನ್ನುವುದು ಅವರದೇ ಕಟ್ಟಳೆ. ಆದ್ದರಿಂದ ನಾವಿಬ್ಬರೂ ಅಂಗಳದಾಚೆಯ ಲಾರಿ ಶೆಡ್ಡಿನಲ್ಲಿ ನಿಂತೆವು.

ಕತ್ತಲೆ ಕವಿಯಿತು. ಧೂಳೆದ್ದಿತು, ಹಿಂದೆಯೇ ಸುರಿದ ಮಳೆಗೆ ಎದುರಿನ ಗೋಡೌನೂ ಕಾಣದಾಯಿತು. ಸಿಡಿಲು ನನ್ನ ಹಲ್ಲಿನೊಳಗೆ ಬಡಿದ ಹಾಗೆ ಬಡಿಯಿತು. ರಾಯರು ಗಡಿಯಾರ ನೋಡುತ್ತ ನಿಂತಿದ್ದರು. “ಬರ್ಲಿಕ್ಕತ್ತದ... ಬಂತು... ಈಗ, ಈಗ ನಮ್ಮ ತಲೀ ಮ್ಯಾಲ ಅದ,” ಅಂದರು. ಆಮೇಲೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. “ದಾಟಿತು.” ಅಷ್ಟರಲ್ಲಿ ತಗಡಿನ ಮೇಲೆ ಆಣೆಕಲ್ಲು ಬೀಳತೊಡಗಿದವು. ಆ ಸದ್ದಿನಲ್ಲಿ ಅವರು ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ನಗುತ್ತಿದ್ದರು ಅನ್ನುವುದಷ್ಟೇ ಕಾಣಿಸಿತು. ಅವರ ಮುಖದಲ್ಲಿ ಅಂಥ ನಗೆ ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಮಳೆ ಸ್ವಲ್ಪ ತೆಳುವಾದ ಮೇಲೆ ಗೋಡೌನಿನ ಮುಂದಿನ ಕೋಣೆಗೆ ಓಡಿ ಬಂದೆವು. ಮೆಟ್ಟಿಲಿನ ಬುಡದಲ್ಲೇ ಕರೆಂಟಿನ ಬೋರ್ಡು. ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗಿತ್ತು. ಬ್ಯಾಟರಿಯ ವಾಯರು ಕಿತ್ತು, ಒದ್ದೆಯಾಗಬಾರದು ಅಂತ ಗೋಣಿಚೀಲದಲ್ಲಿ ಸುತ್ತಿ, ಮೂಲೆಯಲ್ಲಿ ಇಟ್ಟಿತ್ತು. ಪಕ್ಕದಲ್ಲಿ ನಿಂಗವ್ವ, ತೊಯ್ದು ತೊಪ್ಪೆಯಾಗಿ ನಿಂತಿದ್ದಳು. ಕಾಳು ಹಸನು ಮಾಡುವ ಹಿಂದಿನ ಶೆಡ್ಡಿನಿಂದ ಆಣೆಕಲ್ಲಿನಲ್ಲೇ ಓಡಿ ಬಂದಿದ್ದಳು ಅಂದುಕೊಂಡೆ. ಅಲ್ಲ, ಅದಕ್ಕೂ ಮೊದಲೇ, ಮೊದಲ ಸಿಡಿಲಿಗೇ ಬಂದಿದ್ದಳು.

“ಎಲ್ಲಾ ಬಂದ್ ಮಾಡೇನ್ರಿ ಯಪ್ಪಾ,” ಅಂದಳು. ಮುಖ ಬೆಳಗುತ್ತಿತ್ತು. “ಮೊದಲನೇ ಸಿಡ್ಲ ಬಡದಕೂಡ್ಲೆ ಓಡಿ ಬಂದ್ನಿ. ಬ್ಯಾಟರೀದೂ ಕಿತ್ತೇನಿ. ಇಲ್ಲಂದ್ರ ನಿಮ್ಮ ಮಷೀನ್ ನಮ್ಮ ಟಿವಿ ಆದಂಗ ಆಕ್ಕಿತ್ತು.”

ರಾಯರು ಹಿಡಿಕೆಯನ್ನು ನೋಡಿದರು. ಗೋಡೆಗೆ ಅಂಗೈ ಊರಿದರು. ನನಗೆ ಅವರು ಬೀಳುತ್ತಾರೆ ಅನ್ನಿಸಿತು. ಬೀಳಲಿಲ್ಲ.

“ಶಾಣ್ಯಾ ಇದ್ದೀ ನಿಂಗವ್ವಾ,” ಅಂದರು. “ಭಾಳ ಚಲೋ ಮಾಡಿದಿ. ತಲಿ ಒರಸ್ಕೋ ಹೋಗು, ನೆಗಡಿ ಆದೀತು.”

ಅವಳು ಹೋದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. ತೂಕದ ಕೋಣೆಗೆ ಅವರನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

“ನಾಳಿಂದ ಆಕೀಗೆ ಬರಬ್ಯಾಡ ಅಂತೇನಿ.”

“ಏನಂತ ಹೇಳಿ ಬಿಡಸ್ತೀರಿ?”

“ಇದ್ದದ್ದ ಹೇಳ್ತೇನಿ. ರಾಯರ ಜೀವಮಾನದ ಕೆಲಸಾ ಮುಳಗಿಸಿದಿ ಅಂತೇನಿ.”

“ಹೇಳಬ್ಯಾಡ್ರಿ.” ಅವರು ಕಾಳಿನ ಚೀಲದ ಮೇಲೆ ಕೂತರು. ಉಸಿರು ಜಗ್ಗುತ್ತಿತ್ತು. “ಬಿಡಸಲೂಬ್ಯಾಡ್ರಿ, ಹೇಳಲೂಬ್ಯಾಡ್ರಿ. ಆಕಿ ಸಿಡಿಲಿಗೆ ಎಷ್ಟು ಹೆದರತಾಳ ಗೊತ್ತಲ್ಲ ನಿಮಗ? ಆ ಸಿಡಿಲಿನಾಗ ಅಂಗಳಾ ದಾಟಿ ಬಂದಾಳ, ನನ್ನ ಸಲುವಾಗಿ.”

“ಸುಮ್ಮನಿದ್ರ ನನಗೇನ ಸಿಗತೈತಿ?” ಅಂದೆ. ಸಿಟ್ಟಿನಲ್ಲಿ ಆಡಿದ ಮಾತು, ಅಂಗಡಿಯ ಮಾತು, ನಾಲಗೆಗೆ ರೂಢಿಯಾದದ್ದು.

ಆದರೆ ಅವರು ಅದನ್ನು ನಿಜವೆಂದೇ ಹಿಡಿದರು. ತಲೆ ತಗ್ಗಿಸಿ ಯೋಚಿಸಿದರು. ಚೌಕಾಸಿ ಗೊತ್ತಿಲ್ಲದ ಮನುಷ್ಯ, ತನ್ನ ಬಳಿ ಕೊಡಲಿಕ್ಕೆ ಏನಿದೆ ಅಂತ ಹುಡುಕುತ್ತಿದ್ದರು. ಕೊನೆಗೆ ಸಣ್ಣ ಧ್ವನಿಯಲ್ಲಿ, “ಇನ್ನ ಮ್ಯಾಲ ಮಳಿ ಯಾವಾಗ ಅಂತ ನಿಮಗ ಹೇಳ್ತೇನಿ,” ಅಂದರು. “ಬರೇ ನಿಮಗ. ಆಗಬಹುದಲ್ಲ?”

ಎರಡು ಬೇಸಿಗೆ ನಾನು ಬೆನ್ನು ಹತ್ತಿ ಬೇಡಿದ್ದು ಅದನ್ನೇ. ಅವರು ಇದ್ದದ್ದೆಲ್ಲ ತಂದು ನನ್ನ ತಕ್ಕಡಿಗೆ ಇಟ್ಟುಬಿಟ್ಟಿದ್ದರು. ನನಗೆ ಅವರ ಮುಖ ನೋಡಲಿಕ್ಕಾಗಲಿಲ್ಲ. “ಬ್ಯಾಡ್ರಿ ರಾಯರ. ಯಾರಿಗೂ ಹೇಳೂದಿಲ್ಲ. ಏನೂ ಬ್ಯಾಡ,” ಅಂದೆ. ಚೌಕಾಸಿಯಲ್ಲಿ ಸೋತದ್ದು ಅಂದೆನಲ್ಲ, ಇದೇ.

ಕೆಲವು ದಿನಗಳ ಮೇಲೆ ಉಪಗ್ರಹದ ಚಿತ್ರ ಅವರ ಮೊಬೈಲಿಗೆ ಬಂತು. ನನಗೂ ತೋರಿಸಿದರು. ಮೋಡವನ್ನು ಕಲ್ಲಂಗಡಿಯ ಹಾಗೆ ಸೀಳಿದಂತೆ ಇತ್ತು. ಅಂಚಿನಿಂದ ಒಳಗೆ ಹೋದಂತೆ ಕೆಂಪು ದಟ್ಟವಾಗುತ್ತ ಹೋಗಿ, ನಟ್ಟನಡುವೆ ಒಮ್ಮೆಲೇ ನೀಲಿ. ಕೆಂಪು ಏರುವುದು, ನೀಲಿ ಇಳಿಯುವುದು. “ನೋಡ್ರಿ, ಇಲ್ಲೇ ಮುಳ್ಳು ತಿರುವಿ ಬಿದ್ದದ,” ಅಂದರು. ಬೆರಳು ಆ ನೀಲಿಯ ಮೇಲೇ ಇತ್ತು. ಅವರು ಹೇಳುತ್ತ ಬಂದದ್ದು ನಿಜವಿತ್ತು. ನನಗೆ ತಿಳಿಯಿತು, ಅವರಿಗೆ ಮೊದಲೇ ಗೊತ್ತಿತ್ತು. ಆದರೆ ಸಾಕ್ಷಿ ಹೇಳಬೇಕಾದ ಯಂತ್ರ ಆ ಗಳಿಗೆಯಲ್ಲಿ ಕಣ್ಣು ಮುಚ್ಚಿತ್ತು.

ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಸ್ಥೆಯಿಂದ ಫೋನು ಮಾಡಿದಾಗಲೂ ನಾನು ಪಕ್ಕದಲ್ಲೇ ಇದ್ದೆ. ಕೆಳಗಿನ ಅಳತೆ ಯಾಕೆ ಇಲ್ಲ ಅಂತ ಕೇಳಿದಳು. ರಾಯರು, “ನಾನೇ ಬಂದ್ ಮಾಡಿದ್ದೆ ತಾಯಿ. ಸಿಡಿಲಿಗೆ ಹೆದರಿದೆ,” ಅಂದರು. ಆಮೇಲೆ ಅವಳೇನೋ ಹೇಳಿದಳು. “ಹೌದು. ಅಳತಿ ಇಲ್ಲದ ಮ್ಯಾಲ ಮತ್ತೇನು, ಆ ನೀಲೀನ ಮಳೀ ಅಂತಲೇ ಬರೀರಿ,” ಅಂತ ಹೇಳಿ ಫೋನು ಇಟ್ಟರು.

“ಕರೆಂಟು ಹೋಗಿತ್ತು ಅಂತ ಅನ್ನಬೇಕಿತ್ರಿ,” ಅಂದೆ ನಾನು. ಸುಳ್ಳನ್ನೂ ಸರಿಯಾಗಿ ಹೇಳಲು ಬಾರದವರನ್ನು ಕಂಡರೆ ನನಗೆ ತಡೆಯುವುದಿಲ್ಲ.

“ಬ್ಯಾಟರಿ ಇತ್ತಲ್ಲ, ಅಂತ ಕೇಳ್ತಾರ. ಕೇಳ್ಕೋತ ಹೋದ್ರ ನಿಂಗವ್ವನ ತನಕ ಬರ್ತಾರ. ಮಾತು ನನ್ನ ಹತ್ರನ ನಿಂತ್ರ ಚಲೋ.”

ಮಳೆಗಾಲ ಹಿಡಿಯಿತು. ಯಂತ್ರವನ್ನು ಹಮಾಲರು ಇಳಿಸಿ ಲಾರಿಗೆ ಹಾಕಿದರು. ರಾಯರು ಆ ದಿನ ಬರಲಿಲ್ಲ. ಆಮೇಲೆ ಅವರು ಶಿಗ್ಗಾಂವಿಗೆ ಬಂದದ್ದೇ ಕಡಿಮೆ. ಬಂದರೂ ಅಂಗಳಕ್ಕೆ ಇಳಿಯುತ್ತಿರಲಿಲ್ಲ, ಅಂಗಡಿಯೊಳಗೆ ಕೂತು ಚಾ ಕುಡಿದು ಹೋಗುತ್ತಿದ್ದರು. ಆಕಾಶ ನೋಡುವುದನ್ನು ಬಿಟ್ಟಿದ್ದರು. ಹಾಗೆ ಬಿಡಬಾರದು ಅಂತ ನನಗೆ ಹೇಳಬೇಕಾಗಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಅದೊಂದು ಮಾತು ಬಾಯಿಗೆ ಬರಲಿಲ್ಲ.

ತೀರಿಕೊಂಡ ಸುದ್ದಿ ತಡವಾಗಿ ಬಂತು. ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ, ತಾನೂ ಬರುತ್ತೇನೆ ಅಂತ ಹಟ ಹಿಡಿದ ನಿಂಗವ್ವನನ್ನು ಕರೆದುಕೊಂಡು ಸವಣೂರಿಗೆ ಹೋದೆ. ಇದನ್ನು ಓದಿ ಯಾರಾದರೂ ಅವಳ ಗುರುತು ಹಿಡಿದರೆ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ನಾನು ಬರೆದದ್ದು ರಾಯರು ಎಂಥವರು ಅಂತ ಒಬ್ಬರಿಗಾದರೂ ತಿಳಿದಿರಲಿ ಅಂತ.

ರಾಯರ ಅಕ್ಕ ಚಾಪೆ ಹಾಸಿ ಕೂರಿಸಿದರು. ಬಹಳ ವಯಸ್ಸಾದವರು. ನಿಂಗವ್ವ ಯಾರು ಅಂತ ನಾನು ಹೇಳಿದ ಕೂಡಲೇ ಅವರ ಕಣ್ಣು ಅರಳಿದವು. “ನೀನ ಏನವಾ ಅವನ ಯಂತ್ರಾ ಉಳಿಸಿದಾಕಿ? ನಿನ್ನ ಹೆಸರು ಭಾಳ ಹೇಳ್ತಿದ್ದ. ಆಕಿ ಇರದಿದ್ರ ಆ ಯಂತ್ರಾ ಸುಟ್ಟು ಹೋಗ್ತಿತ್ತಕ್ಕಾ, ಅಂತಿದ್ದ.”

ಒಡಹುಟ್ಟಿದವಳಿಗೂ ನಿಜ ಹೇಳಿರಲಿಲ್ಲ ಅವರು.

ನಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಸಾವಕಾರ್ರ, ಆ ಮಷೀನ್ ಈಗ ಎಲ್ಲೈತ್ರಿ? ಚಲೋ ನಡದೈತೇನ್ರಿ?” ಅಂದಳು.

“ಐತಿ. ದೊಡ್ಡ ಊರಾಗ ಐತಿ. ಚಲೋ ನಡದೈತಿ.”

“ಹಂಗಾರ ಆತು ಬಿಡ್ರಿ,” ಅಂತ ಅವಳು ಅಕ್ಕನ ಕೈ ಹಿಡಿದುಕೊಂಡಳು. “ಅವರ ಕೆಲಸ ನಿಲ್ಲಲಿಲ್ಲ.”

“ಇಲ್ಲವಾ,” ಅಂದೆ. “ನಿಲ್ಲಲಿಲ್ಲ.”